ಬೆಳೆ ಬೇಳೆ ಗೊತ್ತಿದ್ದ ಮೇಲೆ ಇಂಗ್ಲಿಷ್ ಯಾಕೆ ಕಷ್ಟ?

ಓದುಗರ ಪತ್ರ: ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಶಿಕ್ಷಕಿ ನಾನು. ಹೊಲದ ಪದಗಳನ್ನೇ ಹಿಡಿದು ಇಂಗ್ಲಿಷ್ ಉಚ್ಚಾರಣೆ ಕಲಿಸುತ್ತೇನೆ. “ಹೊಲ ಬಿಡಿಸೋಕೆ ಶಾಲೆಗೆ ಕಳಿಸಿದ್ರೆ ಇಲ್ಲೂ ಹೊಲಾನೇ ಹೇಳ್ತೀರಾ?” ಎಂದು ಪಾಲಕರೊಬ್ಬರು ಬೇಸರಪಟ್ಟರು. ನನ್ನ ದಾರಿ ತಪ್ಪಾ?

ಸಂಪಾದಕರ ಉತ್ತರ:

ಪ್ರಿಯ ಮೇಡಂ,

ಖಂಡಿತ ತಪ್ಪಲ್ಲ, ಮುಂದುವರಿಸಿ. ಆ ಪಾಲಕರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಉಚ್ಚಾರಣೆ ಕಲಿಯುವಾಗ ಮಗು ಅರ್ಥಕ್ಕೂ ತಡಕಾಡುವಂತಾಗಬಾರದು. ಕರು ಹೇಗಿರುತ್ತೆ ಅಂತ ಅದಕ್ಕೆ ಯಾರೂ ಹೇಳಬೇಕಿಲ್ಲ. ‘ಕಾಫ್’ನಲ್ಲಿ ಎಲ್ ಬರೆಯುತ್ತೇವೆ, ಹೇಳುವುದಿಲ್ಲ ಎಂಬುದಷ್ಟೇ ಹೊಸದು. ಕುರಿಮರಿಗೆ ಹೇಳುವ ‘ಲ್ಯಾಮ್’ ಪದದ ಕೊನೆಯ ಬಿ ಕೂಡ ಹಾಗೇ.

ಶಿಪ್, ಶೀಪ್ ಗೊಂದಲ ಜಾಸ್ತಿ ಎಂದು ಬರೆದಿದ್ದೀರಿ. ಬೆಳೆ, ಬೇಳೆ ಎರಡೂ ಒಂದೇನಾ ಅಂತ ಮಕ್ಕಳನ್ನು ಕೇಳಿ ನೋಡಿ, ನಗುತ್ತಾರೆ. ಅದನ್ನು ಹಿಡಿಯುವ ಕಿವಿಗೆ ಇದೂ ಸಿಗುತ್ತದೆ.

ನಿಜವಾದ ತೊಡಕು ಬೇರೆ ಇದೆ. ಎತ್ತು ಎಂದು ಬರೆದರೂ ನಾವು ‘ಯೆತ್ತು’ ಅನ್ನುತ್ತೇವೆ, ಓಡು ಅನ್ನುವುದು ‘ವೋಡು’ ಆಗುತ್ತದೆ. ಅದೇ ರೂಢಿಯಲ್ಲಿ ಎಗ್ ‘ಯೆಗ್’ ಆಗುತ್ತೆ, ಓಟ್ಸ್ ‘ವೋಟ್ಸ್’ ಆಗುತ್ತೆ. ಇದು ಮಗುವಿನ ದಡ್ಡತನ ಅಲ್ಲ, ಕನ್ನಡದ ನಾಲಿಗೆ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ, ಅವರ ಅರ್ಧ ನಾಚಿಕೆ ಅಲ್ಲೇ ಹೋಗುತ್ತದೆ.

‘ವ’ ನಮಗೆ ಒಂದೇ, ಇಂಗ್ಲಿಷಿಗೆ ಎರಡು. ಕಳೆಗೆ ‘ವೀಡ್’ ಅನ್ನುವಾಗ ಒಲೆ ಊದುವ ಹಾಗೆ ತುಟಿ ದುಂಡಗಾಗಬೇಕು. ಸುಗ್ಗಿಗೆ ‘ಹಾರ್ವೆಸ್ಟ್’ ಅನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಒಂದು ಸಣ್ಣ ಕನ್ನಡಿ ತನ್ನಿ, ಮಕ್ಕಳು ತಮ್ಮ ಬಾಯಿ ತಾವೇ ನೋಡಿಕೊಳ್ಳಲಿ.

ನಾನು ಏಳನೇ ತರಗತಿಯಲ್ಲಿ ನೇಗಿಲಿನ ಇಂಗ್ಲಿಷ್ ಪದವನ್ನು ‘ಪ್ಲಫ್’ ಎಂದು ಓದಿದ್ದೆ. ‘ರಫ್’ಗೂ ಕೊನೆಯಲ್ಲಿ ಅವೇ ನಾಲ್ಕು ಅಕ್ಷರ, ಓ, ಯು, ಜಿ, ಎಚ್ ಅಲ್ವಾ? ತರಗತಿಯೆಲ್ಲ ನಕ್ಕಿತು. ಅದು ‘ಪ್ಲೌ’ ಎಂದು ತಿದ್ದಿದರೇ ಹೊರತು ಎರಡನ್ನೂ ಪಕ್ಕಪಕ್ಕ ಬರೆದು ಯಾರೂ ತೋರಿಸಲಿಲ್ಲ. ಎಷ್ಟೋ ತಿಂಗಳು ನಾನು ಗಟ್ಟಿಯಾಗಿ ಓದಲೇ ಇಲ್ಲ. ನೀವು ತೋರಿಸಿ. ಎಸ್, ಓ, ಡಬ್ಲ್ಯೂ ಎಂದು ಬರೆದದ್ದು ಬಿತ್ತುವಾಗ ‘ಸೋ’, ಹೆಣ್ಣು ಹಂದಿಯಾದರೆ ‘ಸೌ’. ಮೆಕ್ಕೆಜೋಳ ‘ಮೇಜ಼್’, ‘ಮೈಜ್’ ಅಲ್ಲ. ‘ವೆಜ್‌ಟಬಲ್’ನಲ್ಲಿ ಟೇಬಲ್ ಇಲ್ಲ, ಒತ್ತು ಮೊದಲಿಗೇ ಬೀಳುತ್ತದೆ. ‘ಟೊಮ್ಯಾಟೊ’ದಲ್ಲಿ ಅದು ನಡುವಿಗೆ ಬೀಳುತ್ತದೆ. ಒತ್ತು ಬೀಳುವಲ್ಲಿ ಚಪ್ಪಾಳೆ ತಟ್ಟಿಸಿ.

ಕುಂಟೆಗೆ ಏನನ್ನುತ್ತಾರೆ ಎಂದು ಮಕ್ಕಳು ಕೇಳಿದರಂತಲ್ಲ, ‘ಹ್ಯಾರೋ’ ಎಂದು ಹೇಳಿ. ಚಪ್ಪಾಳೆ ‘ಹ್ಯಾ’ಕ್ಕೆ.