ಎಂಪಿ3ಗೂ ಸಿಡಿಗೂ ಧ್ವನಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆಯೇ? ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಗೊತ್ತಾಗುವುದು ಬಿಡುವುದು ಮುಖ್ಯವಾಗಿ ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ಧ್ವನಿಗೆ ಬಳಸುವ ದತ್ತಾಂಶದ ಪ್ರಮಾಣದ ಮೇಲೆ ನಿಂತಿದೆ. ಸಿಡಿಯಲ್ಲಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಇರುತ್ತದೆ. ಎಂಪಿ3 ಅದನ್ನು 320ಕ್ಕೋ 128ಕ್ಕೋ ಇಳಿಸುತ್ತದೆ. ಜೋರು ಸದ್ದಿನ ಮರೆಯಲ್ಲಿ ಕಿವಿಗೆ ಬೀಳದೆ ಹೋಗುವ ಮೆಲುದನಿಗಳಿಗೆ ಕಡಿಮೆ ಬಿಟ್ ಕೊಟ್ಟು ಹೀಗೆ ಉಳಿಸುತ್ತದೆ.

ಸಿಡಿಯನ್ನು ಪ್ಲೇಯರ್‌ನಲ್ಲಿ, ಎಂಪಿ3ಯನ್ನು ಫೋನಿನಲ್ಲಿ ಕೇಳಿ ತೀರ್ಪು ಕೊಡುವವರೇ ಹೆಚ್ಚು. ಅದು ಯಂತ್ರಗಳ ಹೋಲಿಕೆಯಾಯಿತು. ಸ್ಟ್ರೀಮಿಂಗ್‌ನಲ್ಲಿ ಬರುವ ಹಾಡಿನ ಮಾಸ್ಟರ್ (ಬಿಡುಗಡೆಗೆಂದು ಸಿದ್ಧಪಡಿಸಿದ ಅಂತಿಮ ಧ್ವನಿಪ್ರತಿ) ಕೂಡ ಬೇರೆಯೇ ಇರಬಹುದು. ಹಾಗಾಗಿ ನಿಮ್ಮದೇ ಸಿಡಿಯಿಂದ ಹಾಡನ್ನು ಫ್ಲಾಕ್ ಎಂಬ ಬಗೆಯ ಫೈಲಾಗಿ ಕಂಪ್ಯೂಟರಿಗೆ ರಿಪ್ ಮಾಡಿ, ಅಂದರೆ ನಕಲಿಸಿ (ಇದರಲ್ಲಿ ಏನೂ ನಷ್ಟವಾಗದು), ಆ ಫೈಲಿನಿಂದಲೇ 128 ಮತ್ತು 320ರ ಎಂಪಿ3 ಮಾಡಿಕೊಳ್ಳಿ. ಒಂದೇ ಕಂಪ್ಯೂಟರ್, ಒಂದೇ ಹೆಡ್‌ಫೋನ್, ಒಂದೇ ವಾಲ್ಯೂಮ್. ವಾಲ್ಯೂಮನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ತುಸು ಜೋರಾಗಿರುವುದೇ ನಮಗೆ ಚೆನ್ನಾಗಿ ಕೇಳಿಸುತ್ತದೆ. ಯಾವುದು ಯಾವುದೆಂದು ತಿಳಿಯದಂತೆ ಕೇಳಲು ಫೂಬಾರ್2000 ಎಂಬ ಹಾಡು ಕೇಳುವ ತಂತ್ರಾಂಶಕ್ಕೆ ಎಬಿಎಕ್ಸ್ ಎಂಬ ಸೌಲಭ್ಯ ಸಿಗುತ್ತದೆ; ಅದರಲ್ಲಿ ಎಕ್ಸ್ ಎಂಬ ಗುಟ್ಟಿನ ತುಣುಕು ಎ ಫೈಲೋ ಬಿ ಫೈಲೋ ಎಂದು ಹೇಳಬೇಕು. 16ರಲ್ಲಿ 12 ಸಲವಾದರೂ ಸರಿಯಾಗಿ ಗುರುತಿಸಿದರೆ ಅದು ಬರೀ ಊಹೆಯಾಗಿರುವ ಸಾಧ್ಯತೆ ಕಡಿಮೆ.

ಹಾಡುಗಾರರ ದನಿಗಿಂತ ಸಿಂಬಲ್, ಚಪ್ಪಾಳೆ, ಕ್ಯಾಸ್ಟನೆಟ್ ಇರುವ ಜಾಗ ಹುಡುಕಿ. 128ರಲ್ಲಿ ಸಿಂಬಲ್‌ನ ಝೇಂಕಾರ ನೀರಿನೊಳಗಿಂದ ಬಂದಂತೆ ಕಲಸಿಹೋಗುತ್ತದೆ. ಥಟ್ಟನೆ ಬೀಳುವ ಪೆಟ್ಟಿಗೆ ಒಂದು ಕ್ಷಣ ಮೊದಲೇ ಮಸುಕಾದ ಸದ್ದು ಸುಳಿಯುತ್ತದೆ. ಇದಕ್ಕೆ ಪ್ರೀ-ಎಕೋ ಎನ್ನುತ್ತಾರೆ. 320ಕ್ಕೆ ಬಂದರೆ, ಲೇಮ್‌ನಂಥ ಒಳ್ಳೆಯ ಎನ್‌ಕೋಡರ್ (ಎಂಪಿ3 ಮಾಡುವ ತಂತ್ರಾಂಶ) ಬಳಸಿದಾಗ, ಬಹುತೇಕ ಕೇಳುಗರಿಗೆ ಗುರುತು ಸಿಗುವುದಿಲ್ಲ.

ಆದರೂ ಸಂಗ್ರಹಕ್ಕೆ ಫ್ಲಾಕ್ ಪ್ರತಿಯನ್ನೇ ಇಟ್ಟುಕೊಳ್ಳಿ. ಎಂಪಿ3ಯಿಂದ ಮತ್ತೊಂದು ಎಂಪಿ3 ಮಾಡಿದರೆ ಗುಣಮಟ್ಟ ಪ್ರತಿ ಸಲವೂ ಇನ್ನಷ್ಟು ಕೆಡುತ್ತದೆ.