ಮುಖ ಕೆಂಪಾಗಿದೆ ಡಾಕ್ಟ್ರೇ, ಯಾವ ಕ್ರೀಮ್ ಹಚ್ಚಲಿ?

ಪ್ರಶ್ನೆ: ನನಗೆ 38 ವರ್ಷ. ಎರಡು ವರ್ಷದಿಂದ ಎರಡೂ ಕೆನ್ನೆ, ಮೂಗು ಕೆಂಪಾಗಿಯೇ ಇರುತ್ತವೆ. ಒಲೆ ಮುಂದೆ ನಿಂತರೆ, ಬಿಸಿಲಿಗೆ ಹೋದರೆ ಮುಖವೆಲ್ಲ ಉರಿ ಉರಿ. ಸಣ್ಣ ಗುಳ್ಳೆಗಳೂ ಏಳುತ್ತವೆ. ಮೆಡಿಕಲ್ ಶಾಪಿನವರು ಕೊಟ್ಟ ಒಂದು ಕ್ರೀಮ್ ಹಚ್ಚಿದರೆ ಎರಡೇ ದಿನದಲ್ಲಿ ಕಮ್ಮಿ ಆಗುತ್ತದೆ, ಬಿಟ್ಟರೆ ಮೊದಲಿಗಿಂತ ಜಾಸ್ತಿ. ನಮ್ಮ ಅಕ್ಕ ನೆಟ್‌ನಲ್ಲಿ ನೋಡಿ ಇದು ರೋಸೇಶಿಯಾ, ಮುಖ ಬಹುಕಾಲ ಕೆಂಪಾಗಿದ್ದು ಗುಳ್ಳೆ ಏಳುವ ಚರ್ಮದ ಕಾಯಿಲೆ, ಅಂದಳು. ಅದಕ್ಕೆ ಯಾವ ಕ್ರೀಮ್ ಒಳ್ಳೆಯದು?
– ಗೃಹಿಣಿ, ದಾವಣಗೆರೆ

ಉತ್ತರ: ಕ್ರೀಮ್ ಹೆಸರು ಆಮೇಲೆ. ಮೊದಲು ಆ ಟ್ಯೂಬ್ ಕೈಗೆ ತಗೊಳ್ಳಿ. ಹಿಂಬದಿಯ ಅಕ್ಷರ ಕಾಣದಿದ್ದರೆ ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಬೆಕ್ಲೋಮೆಥಾಸೋನ್, ಕ್ಲೋಬೆಟಸಾಲ್, ಫ್ಲೂಸಿನೋಲೋನ್, ಇವುಗಳಲ್ಲಿ ಒಂದಾದರೂ ಇದೆಯಾ? ಇವೆಲ್ಲ ಸ್ಟೀರಾಯ್ಡ್‌ಗಳು. ಹೆಸರಿನ ಬಾಲದಲ್ಲಿ ‘ಸೋನ್’ ಕಂಡರೆ ಸ್ಟೀರಾಯ್ಡ್ ಇರಬಹುದು ಅಂತ ಅನುಮಾನ ಪಡಿ. (ಮೊಡವೆಗೆ ಕೊಡುವ ಡ್ಯಾಪ್ಸೋನ್ ಮಾತ್ರ ಬೇರೆ, ಅದು ಸ್ಟೀರಾಯ್ಡ್ ಅಲ್ಲ.) ಎರಡೇ ದಿನಕ್ಕೆ ಮಾಯ, ಬಿಟ್ಟರೆ ದುಪ್ಪಟ್ಟು ಅಂತ ನೀವು ಬರೆದಿದ್ದೀರಲ್ಲ, ಅದನ್ನು ಓದಿದಾಗಲೇ ನನಗೆ ಸ್ಟೀರಾಯ್ಡ್ ಮೇಲೆ ಅನುಮಾನ ಬಂತು.

ಸ್ಟೀರಾಯ್ಡ್ ಹಚ್ಚಿದಾಗ ರಕ್ತನಾಳ ಬಿಗಿಯಾಗುತ್ತದೆ, ಉರಿಯೂತ ಅಡಗುತ್ತದೆ. ಅದಕ್ಕೇ ಮುಖ ತಕ್ಷಣ ತಿಳಿಯಾಗಿ ಕಾಣುವುದು. ಅದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಒಳಗಿನ ನಾಳಗಳು ಹಿಗ್ಗಿ ಎಳೆ ಎಳೆಯಾಗಿ ಮೇಲೆ ಕಾಣುತ್ತವೆ, ಗುಳ್ಳೆ ಏಳುತ್ತವೆ, ಕೆಲವರಿಗೆ ಮುಖದ ಮೇಲೆ ಕೂದಲೂ ಬರುತ್ತದೆ. ನೋಡುವುದಕ್ಕೆ ಥೇಟ್ ರೋಸೇಶಿಯಾ. ನಮ್ಮ ದೇಶದಲ್ಲಿ ಇದು ಅಪರೂಪವೇನಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮುಖದ ಚರ್ಮದ ತೊಂದರೆ ಅಂತ ದೇಶದ 12 ಕೇಂದ್ರಗಳಿಗೆ ಬಂದಿದ್ದ 2,926 ಜನರನ್ನು ವಿಚಾರಿಸಿದರು. ಅವರಲ್ಲಿ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಮೊಡವೆ ಹೋಗಲಿ ಅಂತ, ಬೆಳ್ಳಗಾಗಲಿ ಅಂತ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮ್‌ಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ತಂದಿತು. ನಿಯಮವೂ ಇದೆ, ಟ್ಯೂಬೂ ಸಿಗುತ್ತಿದೆ. ನಿಮಗೇ ಸಿಕ್ಕಿತಲ್ಲ!

ಅದು ಸ್ಟೀರಾಯ್ಡೇ ಆಗಿದ್ದರೆ ಬಿಡಲೇಬೇಕು. ಆದರೆ ಜೋರಿನ ಸ್ಟೀರಾಯ್ಡನ್ನು ಬಹಳ ಕಾಲ ಹಚ್ಚಿದ್ದರೆ ಒಮ್ಮೆಲೇ ನಿಲ್ಲಿಸಬೇಕಾ, ಮೆಲ್ಲಗೆ ಇಳಿಸಬೇಕಾ ಅಂತ ಚರ್ಮದ ಡಾಕ್ಟರು ನಿಮ್ಮ ಮುಖ ನೋಡಿಯೇ ಹೇಳಬೇಕು. ಬಿಟ್ಟ ಮೊದಲ ಕೆಲವು ವಾರ ಕೆಂಪು, ಉರಿ, ಗುಳ್ಳೆ ಎಲ್ಲ ಕೆರಳುತ್ತವೆ. ಹೆಚ್ಚಿನವರು ಸೋಲುವುದೇ ಇಲ್ಲಿ. ಮನೆಯಲ್ಲಿ ಮದುವೆ-ಮುಂಜಿ ಬಂತು, ನಾಲ್ಕು ಜನರ ಎದುರು ಹೋಗಬೇಕು ಅಂತ ಮತ್ತೆ ಅದೇ ಟ್ಯೂಬ್ ಹಿಂಡುತ್ತಾರೆ, ಕಥೆ ಮೊದಲಿಂದ ಶುರು. ಆ ವಾರಗಳಲ್ಲಿ ತಣ್ಣೀರಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆಯನ್ನು ಮುಖದ ಮೇಲೆ ಹತ್ತು ನಿಮಿಷ ಇಟ್ಟುಕೊಳ್ಳಿ, ದಿನಕ್ಕೆ ಮೂರ್ನಾಲ್ಕು ಸಲ. ಐಸ್ ನೇರವಾಗಿ ಉಜ್ಜಬೇಡಿ. ಪರಿಮಳ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ಬೇಕಿದ್ದರೆ ಡಾಕ್ಟರು ಟ್ಯಾಕ್ರೋಲಿಮಸ್ ಮುಲಾಮೋ ಡಾಕ್ಸಿಸೈಕ್ಲಿನ್ ಮಾತ್ರೆಯೋ ಕೊಡುತ್ತಾರೆ. ಪೂರ್ತಿ ತಿಳಿಯಾಗಲು ತಿಂಗಳುಗಳು ಹಿಡಿಯಬಹುದು.

ಟ್ಯೂಬಿನಲ್ಲಿ ಸ್ಟೀರಾಯ್ಡ್ ಇಲ್ಲ ಅಂತಾದರೂ ಕೆನ್ನೆ ಕೆಂಪಾದದ್ದೆಲ್ಲ ರೋಸೇಶಿಯಾ ಅಲ್ಲ. ಮೂಗಿನ ಪಕ್ಕದ ಗೆರೆಯಲ್ಲಿ, ಹುಬ್ಬಿನಲ್ಲಿ ಕೆಂಪಾಗಿ ಹೊಟ್ಟು ಏಳುತ್ತಿದ್ದರೆ, ತಲೆಯಲ್ಲೂ ಹೊಟ್ಟಿದ್ದರೆ, ಅದು ಸೆಬೊರಿಕ್ ಡರ್ಮಟೈಟಿಸ್ ಇರಬಹುದು. ಕೆನ್ನೆಯಿಂದ ಕೆನ್ನೆಗೆ ಕೆಂಪು ಹರಡಿ, ಆ ಗೆರೆ ಮಾತ್ರ ಬಿಟ್ಟುಹೋಗಿದ್ದು, ಜೊತೆಗೆ ಕೀಲುನೋವು, ಬಾಯಿಹುಣ್ಣು, ವಿಪರೀತ ಸುಸ್ತು ಇದ್ದರೆ ಲೂಪಸ್ (ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿ ಬೀಳುವ ಕಾಯಿಲೆ) ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಬೇಕು, ತಡ ಮಾಡಬಾರದು. ರೋಸೇಶಿಯಾದಲ್ಲಿ ಮೊಡವೆಯಂಥ ಗುಳ್ಳೆ ಇದ್ದರೂ ಬ್ಲ್ಯಾಕ್‌ಹೆಡ್ ಸಾಮಾನ್ಯವಾಗಿ ಇರುವುದಿಲ್ಲ. ಇನ್ನೊಂದು ಮಾತು: ನಮ್ಮಂಥ ಕಂದು, ಎಣ್ಣೆಗಪ್ಪು ಮೈಬಣ್ಣದಲ್ಲಿ ಕೆಂಪು ಅಷ್ಟಾಗಿ ಎದ್ದು ಕಾಣುವುದಿಲ್ಲ. ‘ಮುಖ ಸುಡುತ್ತದೆ, ಚುಚ್ಚುತ್ತದೆ, ಯಾವ ಕ್ರೀಮೂ ಒಗ್ಗುವುದಿಲ್ಲ’ ಅಂತಲೇ ಬರುವವರು ಜಾಸ್ತಿ. ಸುಮ್ನೆ ಮೊಡವೆ ಅಂದುಕೊಂಡು ವರ್ಷಗಟ್ಟಲೆ ಮೊಡವೆ ಕ್ರೀಮ್ ಹಚ್ಚಿ ಇನ್ನಷ್ಟು ಉರಿ ಮಾಡಿಕೊಂಡಿರುತ್ತಾರೆ.

ಪ್ರಶ್ನೆ: ರೋಸೇಶಿಯಾ ಅಂತ ಡಾಕ್ಟರೇ ಹೇಳಿದ್ದಾರೆ. ಬೆಳಿಗ್ಗೆ ಮೆಟ್ರೋನಿಡಜೋಲ್ ಜೆಲ್, ರಾತ್ರಿ ಅಜಿಲೈಕ್ ಆಸಿಡ್ ಜೆಲ್ ಬರೆದಿದ್ದಾರೆ. ಮೂರು ವಾರ ಆಯಿತು, ಫಲಿತಾಂಶ ಸೊನ್ನೆ, ರಾತ್ರಿಯದು ಉರಿಯುತ್ತದೆ ಬೇರೆ. ಗೆಳೆಯನೊಬ್ಬ ಐವರ್‌ಮೆಕ್ಟಿನ್ ಕ್ರೀಮ್ ಬೆಸ್ಟ್ ಅಂದ. ಹುಡುಕಿದರೆ ಹುಳದ ಔಷಧಿ ಅಂತ ಬರುತ್ತದೆ. ಮುಖಕ್ಕೆ ಹುಳದ ಔಷಧಿ ಯಾಕೆ?
– ಐಟಿ ಉದ್ಯೋಗಿ, 45, ಬೆಂಗಳೂರು

ಉತ್ತರ: ಮೂರು ವಾರಕ್ಕೆ ತೀರ್ಪು ಕೊಡಬೇಡಿ ಸರ್. ಈ ಔಷಧಿಗಳು ಕೆಲಸ ಶುರು ಮಾಡಲಿಕ್ಕೇ ನಾಲ್ಕಾರು ವಾರ ಬೇಕು, ಪೂರ್ತಿ ಗುಣ ಕಾಣಲು ಎರಡು ಮೂರು ತಿಂಗಳು. ಎರಡು ದಿನದಲ್ಲಿ ಪವಾಡ ಮಾಡುವ ಟ್ಯೂಬ್ ಯಾವುದು ಅಂತ ಮೇಲಿನ ಉತ್ತರದಲ್ಲಿ ಓದಿದಿರಲ್ಲ.

ಮೆಟ್ರೋನಿಡಜೋಲ್ ಹಳೇ ಹುಲಿ. ಮುಖಕ್ಕೆ ಹಚ್ಚುವುದು 0.75 ಪರ್ಸೆಂಟ್ ಅಥವಾ 1 ಪರ್ಸೆಂಟ್. ಚರ್ಮಕ್ಕೆ ಅಷ್ಟಾಗಿ ಕಿರಿಕಿರಿ ಮಾಡುವುದಿಲ್ಲ, ಗುಳ್ಳೆ ಇಳಿಸುತ್ತದೆ, ಗುಳ್ಳೆ ಸುತ್ತಲಿನ ಕೆಂಪನ್ನೂ ಸ್ವಲ್ಪ ತಗ್ಗಿಸುತ್ತದೆ. ತಗೊಳ್ಳುವಾಗ ಹುಷಾರು. ವಸಡಿಗೆ ಹಚ್ಚುವ ಮೆಟ್ರೋನಿಡಜೋಲ್ ಜೆಲ್ ಕೂಡ ಅದೇ ಕೌಂಟರಿನಲ್ಲಿ ಸಿಗುತ್ತದೆ, ಅದರಲ್ಲಿ ಕ್ಲೋರ್‌ಹೆಕ್ಸಿಡಿನ್ ಸೇರಿರುತ್ತದೆ. ಅದು ಬಾಯಿಗೆ, ಮುಖಕ್ಕಲ್ಲ.

ಅಜಿಲೈಕ್ ಆಸಿಡ್ ರೋಸೇಶಿಯಾಗೆ 15 ಪರ್ಸೆಂಟ್ ಜೆಲ್. ಮೊದಲ ಕೆಲವು ವಾರ ಚುರುಚುರು ಅನ್ನುವುದು, ತುರಿಸುವುದು ಮಾಮೂಲು, ಬರಬರುತ್ತಾ ಕಮ್ಮಿಯಾಗುತ್ತದೆ. ನಮ್ಮ ಮೈಬಣ್ಣದವರಿಗೆ ನಾನು ಇದನ್ನು ಇಷ್ಟಪಟ್ಟು ಬರೆಯುತ್ತೇನೆ, ಯಾಕಂದರೆ ಗುಳ್ಳೆ ಹೋದ ಮೇಲೆ ಉಳಿಯುವ ಕಪ್ಪು ಕಲೆಯೂ ಇದರಿಂದ ತಿಳಿಯಾಗುತ್ತದೆ. ಗರ್ಭಿಣಿಯರಿಗೂ ಸಾಮಾನ್ಯವಾಗಿ ಕೊಡಬಹುದಾದ ಔಷಧಿ.

ಉರಿ ತಡೆಯಲಾಗದಿದ್ದರೆ ಹಚ್ಚುವ ಕ್ರಮ ಬದಲಿಸಿ ನೋಡಿ. ಉಗುರುಬೆಚ್ಚಗಿನ ನೀರಲ್ಲಿ ಮುಖ ತೊಳೆದು, ಟವೆಲ್‌ನಿಂದ ಉಜ್ಜದೆ ಒತ್ತಿ ಒರೆಸಿ. ಹದಿನೈದು ನಿಮಿಷ ಸುಮ್ಮನಿರಿ, ಒದ್ದೆ ಮುಖಕ್ಕೆ ಹಚ್ಚಿದರೆ ಉರಿ ಜಾಸ್ತಿ. ಮೊದಲು ಮಾಯಿಶ್ಚರೈಸರ್, ಅದು ಇಂಗಿದ ಮೇಲೆ ಜೆಲ್. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು: ಹಣೆ, ಮೂಗು, ಗಲ್ಲ, ಎರಡು ಕೆನ್ನೆಗೆ ಒಂದೊಂದು ಚುಕ್ಕಿ ಇಟ್ಟು ತೆಳ್ಳಗೆ ಹರಡಿ. ಗುಳ್ಳೆ ಮೇಲಷ್ಟೇ ಮೆತ್ತಬೇಡಿ. ಆಮೇಲೂ ಆಗದಿದ್ದರೆ ದಿನ ಬಿಟ್ಟು ದಿನ ಹಚ್ಚಿ, ಡಾಕ್ಟರಿಗೆ ಫೋನ್ ಮಾಡಿ ಹೇಳಿ.

ಇನ್ನು ನಿಮ್ಮ ಗೆಳೆಯ ಹೇಳಿದ ಐವರ್‌ಮೆಕ್ಟಿನ್. ಹುಳದ ಔಷಧಿ ಅನ್ನುವುದು ನಿಜವೇ. ನಮ್ಮೆಲ್ಲರ ಮುಖದ ಕೂದಲಿನ ಬುಡದಲ್ಲಿ ಡೆಮೋಡೆಕ್ಸ್ ಅನ್ನುವ, ಕಣ್ಣಿಗೆ ಕಾಣದ ಹುಳ ವಾಸ ಮಾಡಿಕೊಂಡಿರುತ್ತದೆ. ಮುಖ ಚುಟುಚುಟು ಅನ್ನಿಸುತ್ತಿದೆಯಾ? ಓದಿದ್ದಕ್ಕೆ ಅಷ್ಟೇ, ಗಾಬರಿ ಬೇಡ. ರೋಸೇಶಿಯಾ ಇರುವವರಲ್ಲಿ ಇದರ ಸಂಖ್ಯೆ ಜಾಸ್ತಿ ಇರುತ್ತದೆ. 1 ಪರ್ಸೆಂಟ್ ಐವರ್‌ಮೆಕ್ಟಿನ್ ಕ್ರೀಮ್ ಆ ಹುಳವನ್ನೂ ಕಮ್ಮಿ ಮಾಡುತ್ತದೆ, ಉರಿಯೂತವನ್ನೂ ತಗ್ಗಿಸುತ್ತದೆ. ಅಮೆರಿಕದಲ್ಲಿ 2014ರ ಕೊನೆಗೆ ಒಪ್ಪಿಗೆ ಸಿಕ್ಕಿತು. ಯುರೋಪಿನಲ್ಲಿ 962 ಜನರ ಮೇಲೆ 16 ವಾರ ನಡೆದ ಹೋಲಿಕೆಯಲ್ಲಿ, ದಿನಕ್ಕೊಮ್ಮೆ ಐವರ್‌ಮೆಕ್ಟಿನ್ ಹಚ್ಚಿದವರ ಗುಳ್ಳೆ ಸರಾಸರಿ ಶೇ 83ರಷ್ಟು ಇಳಿದಿದ್ದವು, ದಿನಕ್ಕೆರಡು ಸಲ ಮೆಟ್ರೋನಿಡಜೋಲ್ ಹಚ್ಚಿದವರಲ್ಲಿ ಶೇ 74ರಷ್ಟು. ಅಂದರೆ ಐವರ್‌ಮೆಕ್ಟಿನ್ ಒಂದು ಕೈ ಮೇಲು, ಹಾಗಂತ ಇನ್ನೊಂದು ದಂಡ ಅಲ್ಲ. ಈಗಿರುವುದನ್ನು ಮೂರು ತಿಂಗಳು ಹಚ್ಚಿ, ಗುಳ್ಳೆ ಬಗ್ಗದಿದ್ದರೆ ಕೇಳಿ ಬದಲಿಸಿ. ಐವರ್‌ಮೆಕ್ಟಿನ್ ಮಾತ್ರೆ ಪುಡಿ ಮಾಡಿ ಕ್ರೀಮ್‌ಗೆ ಬೆರೆಸುವ ಸಾಹಸ ಮಾತ್ರ ಬೇಡ.

ಒಂದು ವಿಷಯ ಮಾತ್ರ ತಲೆಯಲ್ಲಿರಲಿ. ಈ ಮೂರೂ ಮುಖ್ಯವಾಗಿ ಗುಳ್ಳೆಗೆ. ಮೂಗಿನ ಮೇಲೆ, ಕೆನ್ನೆ ಮೇಲೆ ದಾರದ ಎಳೆಯಂತೆ ಕಾಣುವ ಕೆಂಪು ನಾಳಗಳನ್ನು ಯಾವ ಕ್ರೀಮೂ ಅಳಿಸುವುದಿಲ್ಲ. ಅದಕ್ಕೆ ಲೇಸರ್ ಬೇಕು, ಅದೂ ಕಂದು ಚರ್ಮದ ಮೇಲೆ ಮಾಡಿ ಪಳಗಿದವರ ಕೈಯಲ್ಲಿ. ಇಲ್ಲದಿದ್ದರೆ ಕೆಂಪು ಹೋಗಿ ಕಪ್ಪು ಕಲೆ ಉಳಿದೀತು.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನನಗೆ ಗುಳ್ಳೆ ಇಲ್ಲ, ಬರೀ ಕೆಂಪು. ಇಲ್ಲಿನ ಡಾಕ್ಟರು ಬ್ರಿಮೋನಿಡಿನ್ ಜೆಲ್ ಕೊಟ್ಟರು. ಅರ್ಧ ಗಂಟೆಯಲ್ಲಿ ಮುಖ ತಿಳಿ. ಆದರೆ ಸಂಜೆ ಹೊತ್ತಿಗೆ ಮೊದಲಿಗಿಂತ ಕೆಂಪಾಗಿ ಸುಡುತ್ತದೆ. ಮುಂದುವರಿಸಲಾ?
– ಮೂಲ ಧಾರವಾಡ, ಈಗ ನ್ಯೂಜೆರ್ಸಿ

ಉತ್ತರ: ಬ್ರಿಮೋನಿಡಿನ್ ಮೂಲದಲ್ಲಿ ಗ್ಲಾಕೋಮಾಕ್ಕೆ ಕಣ್ಣಿಗೆ ಬಿಡುವ ಔಷಧಿ. ಅದರ 0.33 ಪರ್ಸೆಂಟ್ ಜೆಲ್‌ಗೆ ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿತು. ಹಿಗ್ಗಿದ ರಕ್ತನಾಳವನ್ನು ಕೆಲವು ಗಂಟೆ ಬಿಗಿ ಹಿಡಿಯುತ್ತದೆ, ಅಷ್ಟೇ ಅದರ ಕೆಲಸ. ಹಿಡಿತ ಸಡಿಲವಾದಾಗ ಕೆಲವರಿಗೆ ಕೆಂಪು ಮೊದಲಿಗಿಂತ ಜೋರಾಗಿ ವಾಪಸ್ ಬರುತ್ತದೆ. ನಿಮಗೆ ಆಗುತ್ತಿರುವುದು ಅದೇ.

ಈ ಗುಂಪಿನ ಇನ್ನೊಂದು ಔಷಧಿ ಆಕ್ಸಿಮೆಟಜೋಲಿನ್ 1 ಪರ್ಸೆಂಟ್ ಕ್ರೀಮ್, ಅಲ್ಲಿ 2017ರಲ್ಲಿ ಬಂತು. ನೆಗಡಿಗೆ ಮೂಗಿಗೆ ಬಿಡುವ ಡ್ರಾಪ್ಸ್ ಇದೆಯಲ್ಲ, ಅದರಲ್ಲಿರುವುದೂ ಇದೇ. ವಾರಗಟ್ಟಲೆ ಬಿಟ್ಟರೆ ಮೂಗು ಇನ್ನೂ ಕಟ್ಟಿಕೊಳ್ಳುತ್ತದೆ ಅನ್ನುವುದು ಗೊತ್ತಿರುವವರಿಗೆ ಬ್ರಿಮೋನಿಡಿನ್ ಆಟವೂ ಅರ್ಥವಾಗುತ್ತದೆ. ಕ್ರೀಮ್ ರೂಪದಲ್ಲಿ ಆಕ್ಸಿಮೆಟಜೋಲಿನ್ ಅಷ್ಟೊಂದು ತಿರುಗಿ ಬೀಳುವುದಿಲ್ಲ, ಪರಿಣಾಮವೂ ಸ್ವಲ್ಪ ಮೆತ್ತಗೆ.

ನಾನಾಗಿದ್ದರೆ ದಿನವೂ ಹಚ್ಚುವುದನ್ನು ನಿಲ್ಲಿಸಿ ಅಂತಿದ್ದೆ. ನಿಮ್ಮ ಡಾಕ್ಟರಿಗೆ ಸಂಜೆಯ ಕೆಂಪಿನ ಫೋಟೊ ತೋರಿಸಿ. ಬಿ.ಪಿ., ಹೃದಯದ ತೊಂದರೆಗೆ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಮರೆಯದೆ ಹೇಳಿ. ಬರೀ ಕೆಂಪಿಗೆ ಲೇಸರ್ ಬಾಳಿಕೆ ಬರುವ ದಾರಿ, ಅಲ್ಲಿ ಸೌಕರ್ಯವೂ ಇದೆ, ಇನ್ಶೂರೆನ್ಸ್ ಒಪ್ಪುತ್ತದಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ಚಳಿಗಾಲದಲ್ಲಿ ಹೀಟರ್ ಎದುರು ಕೂರಬೇಡಿ. ಊರಲ್ಲಿರುವವರಿಗೆ: ಕಣ್ಣಿನ ಬ್ರಿಮೋನಿಡಿನ್ ಡ್ರಾಪ್ಸ್ ತಂದು ಮುಖಕ್ಕೆ ಸವರುವ ಐಡಿಯಾ ಯೂಟ್ಯೂಬಿನಲ್ಲಿ ಸಿಕ್ಕರೂ ಮಾಡಬೇಡಿ.

ಪ್ರಶ್ನೆ: ಕಾಫಿ ಬಿಡಬೇಕಾ ಡಾಕ್ಟ್ರೇ? ತೋಟವೇ ಇದೆ ನಮ್ಮದು.
– ಚಿಕ್ಕಮಗಳೂರು

ಉತ್ತರ: ಬಿಡಬೇಡಿ, ತಣ್ಣಗಾಗಿಸಿ ಕುಡಿಯಿರಿ. 1981ರಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 60 ಡಿಗ್ರಿ ಬಿಸಿಯ ಕಾಫಿ ಕುಡಿದಾಗ ಮುಖ ಕೆಂಪೇರಿತು. ಅಷ್ಟೇ ಬಿಸಿಯ ಬರೀ ನೀರು ಕುಡಿದಾಗಲೂ ಏರಿತು. ತಣ್ಣನೆಯ ಕಾಫಿಗೆ ಏನೂ ಆಗಲಿಲ್ಲ. ತಪ್ಪು ಬಿಸಿಯದು, ಕಾಫಿಯದಲ್ಲ. 2018ರಲ್ಲಿ ಅಮೆರಿಕದ 82 ಸಾವಿರಕ್ಕೂ ಹೆಚ್ಚು ಮಹಿಳೆಯರ ಅಧ್ಯಯನದಲ್ಲಿ ಕಾಫಿ ಜಾಸ್ತಿ ಕುಡಿಯುವವರಲ್ಲಿ ರೋಸೇಶಿಯಾ ಕಮ್ಮಿಯೇ ಕಂಡಿತ್ತು. ಹಾಗಂತ ಅದನ್ನೇ ಔಷಧಿ ಮಾಡಿಕೊಳ್ಳಬೇಡಿ. ಖಾರದ ಊಟ, ಮದ್ಯ, ಬಿಸಿಬಿಸಿ ಸಾರು ಕೆಲವರಿಗೆ ಆಗುವುದಿಲ್ಲ, ಕೆಲವರಿಗೆ ಏನೂ ಮಾಡುವುದಿಲ್ಲ. ನಿಮಗೆ ಯಾವುದು ಅಂತ ಒಂದು ಡೈರಿಯಲ್ಲಿ ಬರೆದಿಡಿ.

ಪ್ರಶ್ನೆ: ಕಡಲೆಹಿಟ್ಟು, ಅರಿಶಿನ, ನಿಂಬೆರಸ ಕಲಸಿ ಹಚ್ಚಿದರೆ ಕೆಂಪು ಹೋಗುತ್ತದಾ? ಲೋಳೆಸರ? ಸನ್‌ಸ್ಕ್ರೀನ್ ಹಚ್ಚಿದರೆ ಉರಿಯುತ್ತದೆ.
– ಶಿವಮೊಗ್ಗ

ಉತ್ತರ: ಕಡಲೆಹಿಟ್ಟು ಒಣಗಿದ ಮೇಲೆ ಉಜ್ಜಿ ತೆಗೆಯಬೇಕು, ನಿಂಬೆರಸ ಸುಡುತ್ತದೆ. ಎರಡೂ ಈ ಮುಖಕ್ಕೆ ಶತ್ರು. ಲೋಳೆಸರ ಕೆಲವರಿಗೆ ತಂಪು, ಕೆಲವರಿಗೆ ಅಲರ್ಜಿ, ಕಿವಿಯ ಹಿಂದೆ ಹಚ್ಚಿ ನೋಡಿ. ಪಾರ್ಲರಿನ ಬ್ಲೀಚ್, ಸ್ಟೀಮ್, ಸ್ಕ್ರಬ್ ಮೂರೂ ಬೇಡ. ಸನ್‌ಸ್ಕ್ರೀನ್ ಮಾತ್ರ ಬಿಡುವ ಹಾಗಿಲ್ಲ. ಜಿಂಕ್ ಆಕ್ಸೈಡ್ ಅಥವಾ ಟೈಟೇನಿಯಂ ಡೈಆಕ್ಸೈಡ್ ಇರುವುದು, ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಮೇಲಿನದು ತಗೊಳ್ಳಿ, ಉರಿ ಕಮ್ಮಿ. ಬಿಳಿ ಬಿಳಿ ಕಾಣುತ್ತದೆ ಅಂತ ಬೇಜಾರಾದರೆ ಚರ್ಮದ ಬಣ್ಣ ಬೆರೆಸಿದ್ದು ಸಿಗುತ್ತದೆ, ಕೆಂಪನ್ನೂ ಮುಚ್ಚುತ್ತದೆ.

ಪ್ರಶ್ನೆ: ಮುಖ ಕೆಂಪಾಗುವುದರ ಜೊತೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಇದೆ ಮೇಷ್ಟ್ರೇ, ಮತ್ತು ಕೇಳಿದ್ದು ಬಹಳ ಒಳ್ಳೆಯದಾಯಿತು. ರೋಸೇಶಿಯಾ ಕಣ್ಣಿಗೂ ಬರುತ್ತದೆ. ರೆಪ್ಪೆಯಂಚು ಕೆಂಪು, ಉರಿ, ನೀರು ಸುರಿಯುವುದು, ಪದೇ ಪದೇ ಕಣ್ಣುಕುಟಿಗೆ. ರೋಗಿಗಳು ಇದನ್ನು ಕಣ್ಣಿನ ಡಾಕ್ಟರಿಗೆ ಹೇಳುತ್ತಾರೆ, ಮುಖದ್ದು ನಮಗೆ ಹೇಳುತ್ತಾರೆ, ಎರಡನ್ನೂ ಸೇರಿಸಿ ನೋಡುವವರು ಯಾರೂ ಇರುವುದಿಲ್ಲ. ಇಬ್ಬರಿಗೂ ಎರಡನ್ನೂ ಹೇಳಿ. ಬೆಳಕು ನೋಡಿದರೆ ನೋವು, ದೃಷ್ಟಿ ಮಂಜು ಅನ್ನಿಸಿದರೆ ಅವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಿ, ಕರಿಗುಡ್ಡೆಯ ಮೇಲಿನ ಪೊರೆಗೆ ಪೆಟ್ಟಾಗಬಹುದು. ಮುಖಕ್ಕೆ ಬರೆದ ಜೆಲ್‌ಗಳನ್ನು ರೆಪ್ಪೆಗೆ ಹಚ್ಚಬೇಡಿ, ರೆಪ್ಪೆಗೆ ಬೇರೆಯೇ ಔಷಧಿ ಇದೆ. ಅಲ್ಲಿಯವರೆಗೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಮಾತ್ರ, ಕೆನ್ನೆಗೆ ತಾಗದ ಹಾಗೆ, ಐದು ನಿಮಿಷ ಇಟ್ಟುಕೊಂಡು ರೆಪ್ಪೆಯಂಚನ್ನು ಮೆಲ್ಲಗೆ ಒರೆಸಿಕೊಳ್ಳಿ.