ಲೆಕ್ಕದ ಮೇಷ್ಟ್ರಿಗೊಂದು ಪ್ರಶ್ನೆ: ‘ಇಂಟು’ ಅಂದರೆ ಗುಣಿಸೋದೋ, ಭಾಗಿಸೋದೋ?

ಪ್ರಶ್ನೆ: ಕಟಪಾಡಿಯ ನಮ್ಮ ಮನೆಯಿಂದಲೇ ನಾನು ಆನ್‌ಲೈನ್ ಗಣಿತ ಟ್ಯೂಷನ್ ಕೊಡುತ್ತೇನೆ. ಈಗ ಇಬ್ಬರು ಹೊಸಬರು ಸೇರಿದ್ದಾರೆ. ಒಬ್ಬ ಇಂಗ್ಲೆಂಡಿನ ಹುಡುಗ, ಒಬ್ಬಳು ಬ್ಯಾಂಕಾಕಿನ ಹುಡುಗಿ. ಬರೆದು ತೋರಿಸಿದರೆ ಇಬ್ಬರಿಗೂ ತಿಳಿಯುತ್ತದೆ. ಬಾಯಲ್ಲಿ ಹೇಳಿದರೆ ಬೇರೆ ಏನೋ ಬರೆದುಕೊಳ್ಳುತ್ತಾರೆ. ನನ್ನ ಇಂಗ್ಲಿಷ್ ಅಷ್ಟು ಕೆಟ್ಟದಾ ಮೇಷ್ಟ್ರೇ?
— ಒಬ್ಬ ಓದುಗ, ಕಟಪಾಡಿ

ಉತ್ತರ: ಕೆಟ್ಟದಲ್ಲ ಮಾರಾಯ್ರೇ, ನಮ್ಮೂರಿನದು ಅಷ್ಟೆ. ನಾನೂ ಒಮ್ಮೆ ಹೀಗೇ ಪೇಚಿಗೆ ಸಿಕ್ಕಿದ್ದೆ. ಕುಂಜಿಬೆಟ್ಟಿನ ನಮ್ಮ ಮನೆಯ ಮಹಡಿಯಲ್ಲಿ ಕೆಲವು ತಿಂಗಳು ಒಬ್ಬ ಇಂಗ್ಲಿಷ್ ಹುಡುಗ ಬಾಡಿಗೆಗಿದ್ದ. ಒಂದು ಸಂಜೆ ಅವನಿಗೆ ಮಲ್ಲಿಗೆಯ ಲೆಕ್ಕ ಹೇಳುತ್ತಿದ್ದೆ. ಒಂದು ಚೆಂಡಿಗೆ 800 ಹೂ, 4 ಚೆಂಡು ಸೇರಿದರೆ ಒಂದು ಅಟ್ಟೆ. ನಿಮ್ಮ ಪಕ್ಕದ ಶಂಕರಪುರದ್ದೇ ಲೆಕ್ಕ, ನಿಮಗೆ ಗೊತ್ತಿರುತ್ತದೆ. “ಫೋರ್ ಇಂಟು ಏಟ್ ಹಂಡ್ರೆಡ್, ಎಷ್ಟು?” ಅಂದೆ. “200” ಅಂದ. ನಾನು 3200 ಅಂದೆ. ಹೂ ಕಟ್ಟುತ್ತಿದ್ದ ನನ್ನ ಹೆಂಡತಿ ನಮ್ಮಿಬ್ಬರ ಮುಖ ನೋಡಿ ನಕ್ಕಳು.

ಅವನದೂ ತಪ್ಪಲ್ಲ. ನಮಗೆ ‘ಇಂಟು’ ಅಂದರೆ ಗುಣಾಕಾರ. ಅವರಿಗೆ ‘ಫೋರ್ ಇಂಟು ಏಟ್ ಹಂಡ್ರೆಡ್’ ಅಂದರೆ 800ರಲ್ಲಿ 4 ಎಷ್ಟು ಸಲ ಹೋಗುತ್ತದೆ ಅಂತ. ಪೂರಾ ಉಲ್ಟಾ. ‘ಟೈಮ್ಸ್’ ಅನ್ನಿ, ಜಗಳವೇ ಇಲ್ಲ.

ಎರಡನೆಯದು ನಮ್ಮ ‘ಎ ಪ್ಲಸ್ ಬಿ ಹೋಲ್ ಸ್ಕ್ವೇರ್’. ಈ ‘ಹೋಲ್’ ನಮ್ಮ ದೇಶದ ಕ್ಲಾಸ್‌ರೂಮಿನ ಮಾತು. ಅವರು ‘ಆಲ್ ಸ್ಕ್ವೇರ್ಡ್’ ಅನ್ನುತ್ತಾರೆ. ಹುಡುಗ ಅದನ್ನು ಬಿಟ್ಟು ಬರೆದರೆ ವರ್ಗ ಬಿಗೆ ಮಾತ್ರ ಸೇರುತ್ತದೆ. ಎ 3, ಬಿ 4 ಆಗಿದ್ದರೆ 49 ಬರಬೇಕಾದ ಕಡೆ 19 ಬಂದು ಕೂರುತ್ತದೆ. ‘ಎಕ್ಸ್ ಪ್ಲಸ್ ಒನ್ ಓವರ್ ಟು’ ಕೂಡ ಹಾಗೇ. 2 ಇರೋದು ಎಲ್ಲದರ ಕೆಳಗಾ, ಒಂದರ ಕೆಳಗೆ ಮಾತ್ರವಾ? ‘ಪ್ಲಸ್ ಒನ್’ ಆದಮೇಲೆ ಒಂದು ಉಸಿರು ತಗೊಂಡು ‘ಆಲ್ ಓವರ್ ಟು’ ಅನ್ನಿ.

ಕಲನದಲ್ಲಿ, ಅಂದರೆ ಕ್ಯಾಲ್ಕುಲಸ್‌ನಲ್ಲಿ, ತೊಡಕು ಕಡಿಮೆ. ‘ಡಿ ವೈ ಬೈ ಡಿ ಎಕ್ಸ್’ ಇಂಗ್ಲೆಂಡಿನಲ್ಲೂ ನಡೆಯುತ್ತದೆ. ‘ಎಫ್ ಡ್ಯಾಶ್’ (f′) ಕೂಡ ಅಲ್ಲಿ ಸರಿ, ಅಮೆರಿಕದವರು ಬಂದರೆ ಮಾತ್ರ ‘ಎಫ್ ಪ್ರೈಮ್’. ಎರಡನೇ ಸಲ ಅವಕಲನ (ಡಿಫರೆನ್ಷಿಯೇಷನ್) ಮಾಡಿದ್ದನ್ನು, ಅಂದರೆ d²y/dx² ಅನ್ನು, ಓದುವಾಗ ಸ್ವಲ್ಪ ನಿಲ್ಲಿ: ‘ಡಿ ಟು ವೈ ಬೈ ಡಿ ಎಕ್ಸ್ ಸ್ಕ್ವೇರ್ಡ್’. ಮೇಲೂ 2, ಕೆಳಗೂ 2, ಆದರೆ ಮೇಲಿನದು ಬರೀ ‘ಟು’. ಯಾಕೆ? ಅದು ವರ್ಗ ಅಲ್ಲ, ಅವಕಲನ ಎರಡು ಸಲ ಆಯ್ತು ಅನ್ನೋ ಗುರುತು. ಓದುವ ರೀತಿಯಲ್ಲೇ ಪಾಠ ಇದೆ, ಹುಡುಗನಿಗೆ ಅದನ್ನೇ ಹೇಳಿಕೊಡಿ.

ಈಗ ಬ್ಯಾಂಕಾಕಿನ ಹುಡುಗಿ. ನಿಜ ಹೇಳಲಾ? ಇವಳು ನಮಗೆ ಜಾಸ್ತಿ ಹತ್ತಿರ. ಥಾಯ್ ಗಣಿತದ ಎಷ್ಟೋ ಮಾತು ಸಂಸ್ಕೃತ, ಪಾಳಿಯಿಂದ ಹೋದದ್ದು. ಬೀಜಗಣಿತ ಅಲ್ಲಿ ‘ಪೀಚಖನಿತ್’. ಶೂನ್ಯ ‘ಸೂನ್’. ಗುಣಿಸೋದಕ್ಕೆ ‘ಖೂನ್’, ಹೆದರಬೇಡಿ, ಕೊಲೆ ಅಲ್ಲ, ನಮ್ಮ ಗುಣವೇ! ಭಿನ್ನರಾಶಿ ಓದೋದಂತೂ ನನಗೆ ಬಹಳ ಹಿಡಿಸಿತು. ನಾಲ್ಕರಲ್ಲಿ ಮೂರನ್ನು ‘ಸೇತ್ ಸಾಮ್ ಸುವನ್ ಸೀ’ ಅನ್ನುತ್ತಾರೆ. ಸೇತ್ ನಮ್ಮ ಶೇಷ. ಥಾಯ್ ಬಾಯಲ್ಲಿ ಪದದ ಕೊನೆಯ ಸ ಉಳಿಯೋದಿಲ್ಲ, ತ್ ಆಗಿಬಿಡುತ್ತದೆ. ಸುವನ್ ಅಂದರೆ ಭಾಗ. ‘ಶೇಷ ಮೂರು, ಭಾಗ ನಾಲ್ಕು.’ ಮೇಲಿನದು ಎಲ್ಲಿಂದ ಶುರು, ಕೆಳಗಿನದು ಎಲ್ಲಿಂದ ಶುರು ಅಂತ ಮೊದಲೇ ಕೂಗಿ ಹೇಳಿದ ಹಾಗೆ. ಇಂಗ್ಲಿಷಿನ ‘ಓವರ್’ಗೆ ಆ ಯೋಗ್ಯತೆ ಇಲ್ಲ.

ವರ್ಗ, ಘನ ಅಂತ ಬೇರೆ ಬೇರೆ ಹೆಸರು ಅವಳ ಬಾಯಿಗೆ ಬರೋದಿಲ್ಲ. ‘ಕಮ್‌ಲಂಗ್ ಸೋಂಗ್’, ‘ಕಮ್‌ಲಂಗ್ ಸಾಮ್’, ಅಂದರೆ ಬಲ ಎರಡು, ಬಲ ಮೂರು. ಹಾಗಾಗಿ ಮೊದಲ ವಾರ ‘ಸ್ಕ್ವೇರ್ಡ್, ಕ್ಯೂಬ್ಡ್’ ಬಿಟ್ಟು ‘ಪವರ್ ಟು, ಪವರ್ ತ್ರೀ’ ಅನ್ನಿ. ಅವಳು ‘ಎಕ್’ ಅಂದರೆ ಹಿಂದಿಯ ಒಂದು ಅಂದುಕೊಳ್ಳಬೇಡಿ, ಎಕ್ಸ್ ಅದು.

ಆದರೆ ಪದ ಒಂದೇ ಥರ ಕೇಳಿತು ಅಂತ ಮೈಮರೆಯಬೇಡಿ. ಅವಕಲನ ಮಾಡಿ ಸಿಗೋದಕ್ಕೆ ಅಲ್ಲಿ ‘ಅನುಪನ್’ ಅಂತ ಹೆಸರು, ನಮ್ಮ ಅನುಬಂಧವೇ. ನಮಗೆ ಅನುಬಂಧ ಅಂದರೆ ಪುಸ್ತಕದ ಕೊನೆಗೆ ಅಂಟಿಸಿದ ಪುಟಗಳು, ಅಲ್ವಾ?

ಒಂದು ಕೆಲಸ ಮಾಡಿ. ಇಬ್ಬರನ್ನೂ “ಅರ್ಥ ಆಯ್ತಾ?” ಅಂತ ಕೇಳಬೇಡಿ, ಸುಮ್ನೆ ಹೂಂ ಅಂತಾರೆ. ನೀವು ಹೇಳಿದ್ದನ್ನು ಬರೆದು ಕ್ಯಾಮೆರಾಕ್ಕೆ ಹಿಡಿಯಲಿ. ಮತ್ತೆ, ಮುಂದಿನ ಕ್ಲಾಸಿನಲ್ಲಿ ಆ ಹುಡುಗಿಗೆ ‘ಪೀಚಖನಿತ್’ ಅಂತ ನೀವೇ ಹೇಳಿ ನೋಡಿ. ಅವಳು ಏನಂದಳು ಅಂತ ನನಗೊಂದು ಸಾಲು ಬರೆಯಿರಿ.